ಪ್ರವಾಸಕ್ಕೆ ಹೊರಡುವ ಮುನ್ನ ಚೀಲ ನೋಡಿಕೊಳ್ಳಿ



2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಂಘದವರೆಲ್ಲ ಸೇರಿ ಪ್ರವಾಸ ಹೋಗುವುದು ಸುಲಭವಾಗಿದೆ. ಬಾಪೂಜಿ ನಗರದಿಂದ ಸ್ಯಾಟಲೈಟ್ ಬಸ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಂದ ಮೈಸೂರಿಗೆ, ಮಡಿಕೇರಿಗೆ ಬಸ್ಸುಗಳಿವೆ. ಆದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಚೀಲ ಹೊರುವವರು ನಾವೇ ಅಲ್ಲವೇ?

ಕೈಚೀಲ ಬೇಡ, ಎರಡು ಹೆಗಲಿಗೂ ಹಾಕುವ ಬ್ಯಾಗ್ ಇರಲಿ. ಮಕ್ಕಳ ಹಳೇ ಸ್ಕೂಲ್ ಬ್ಯಾಗ್ ಆದರೂ ಸಾಕು. ಐವತ್ತು ಕಿಲೋ ತೂಕದವರು ಐದು ಕಿಲೋಗಿಂತ ಹೆಚ್ಚು ಹೊರದಿದ್ದರೆ ಒಳ್ಳೆಯದು. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಂತೆ ನಡುವೆ ಇರಲಿ.

ಎರಡು ದಿನಕ್ಕೆ ಬೇಕಾದದ್ದು ಇಷ್ಟೇ:

1. ಆಧಾರ್ ಅಥವಾ ಮತದಾರರ ಚೀಟಿ. ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಮಾತ್ರ. ಐರಾವತ, ರಾಜಹಂಸಕ್ಕೆ ದುಡ್ಡು ಕೊಡಬೇಕು.
2. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ. ಒಂದು ದಿನದ್ದು ಹೆಚ್ಚೇ ಇರಲಿ, ಕೈಗೆ ಸಿಗುವಂತೆ ಮೇಲಿಡಿ.
3. ಒಂದು ಲೀಟರ್ ನೀರು, ಹುರಿಗಡಲೆ, ಚಿಕ್ಕಿ.
4. ಒಂದು ಜೊತೆ ಬಟ್ಟೆ, ಟವೆಲ್, ಸ್ವೆಟರ್. ಮಳೆ ಬಂದರೂ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.
5. ಮುಟ್ಟಿನ ಬಟ್ಟೆ ಅಥವಾ ಪ್ಯಾಡ್, ಹಳೇ ಪೇಪರ್.
6. ಹಿಡಿತವಿರುವ ಚಪ್ಪಲಿ ಅಥವಾ ಶೂ. ಹೊಸದನ್ನು ಅವತ್ತೇ ಹಾಕಿದರೆ ಕಾಲು ಬೊಬ್ಬೆ ಬರುತ್ತದೆ.

ಒಂದು ಮಾತು ಮುಖ್ಯ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ಎಷ್ಟೋ ಜನ ನೀರೇ ಕುಡಿಯುವುದಿಲ್ಲ. ಇದರಿಂದ ತಲೆಸುತ್ತು, ಉರಿಮೂತ್ರ ಬರುತ್ತದೆ. ನೀರು ಬಿಡಬೇಡಿ. ಬಸ್ ನಿಲ್ದಾಣದಲ್ಲೇ ಶೌಚಕ್ಕೆ ಹೋಗಿ ಬನ್ನಿ, ಚಿಲ್ಲರೆ ಇಟ್ಟುಕೊಳ್ಳಿ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ.

ಟಾರ್ಚು, ಹತ್ತಿ, ಬ್ಯಾಂಡೇಜು, ಮೊಬೈಲ್ ಚಾರ್ಜರ್ ಎಲ್ಲರೂ ತರಬೇಕಿಲ್ಲ. ಸಂಘಕ್ಕೆ ಒಂದೊಂದು ಸಾಕು. ಯಾರು ಏನು ತರುವುದು ಎಂದು ಸಭೆಯಲ್ಲೇ ಬರೆದುಕೊಳ್ಳಿ. ಮಳೆಗಾಲದಲ್ಲಿ ಕೊಡಗಿಗೆ ಹೋಗುವವರು ಜಿಗಣೆಗೆ ಒಂದು ಪೊಟ್ಟಣ ಉಪ್ಪು ಸೇರಿಸಿ. ಒಡವೆ ಮನೆಯಲ್ಲೇ ಇರಲಿ.

ಮನೆಯವರೆಲ್ಲ ಜೊತೆಗೆ ಹೊರಟರೆ ಎಲ್ಲರ ಸಾಮಾನೂ ಅಮ್ಮನ ಹೆಗಲಿಗೇ ಬೀಳುತ್ತದೆ. ಗಂಡನಿಗೂ ಮಕ್ಕಳಿಗೂ ಒಂದೊಂದು ಚೀಲ ಕೊಡಿ. ಹೊರಡುವ ಹಿಂದಿನ ದಿನ ಚೀಲ ತುಂಬಿಕೊಂಡು ನಮ್ಮ ಬೀದಿಯಲ್ಲೇ ಅರ್ಧ ಗಂಟೆ ನಡೆದು ನೋಡಿ. ಹೆಗಲು ನೋಯ್ದರೆ ಏನು ತೆಗೆಯಬೇಕು ಎಂದು ಆಗಲೇ ಗೊತ್ತಾಗುತ್ತದೆ.