ಉದುರುವ ಮುನ್ನ ಎಲೆ ಮರಕ್ಕೆ ಕೊಡುವುದೇನು?

ಕುಮಟಾದಿಂದ ದೇವಿಮನೆ ಘಟ್ಟ, ಹೊನ್ನಾವರದಿಂದ ಗೇರುಸೊಪ್ಪೆ, ಭಟ್ಕಳದಿಂದ ಕೋಗಾರು ಘಟ್ಟ. ಯಾವ ದಾರಿ ಹಿಡಿದರೂ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕಾಡಿನ ನೆಲದಲ್ಲಿ ದರಕು (ಉದುರಿದ ಒಣ ಎಲೆ) ದಪ್ಪಗೆ ಬಿದ್ದಿರುತ್ತದೆ. ಆದರೂ ನಿತ್ಯಹರಿದ್ವರ್ಣದ ಮರಗಳು ಬೋಳಾಗಿರುವುದಿಲ್ಲ. ಮಾವು, ಮುರುಗಲು, ನಾಗಸಂಪಿಗೆಗಳ ತುದಿಯಲ್ಲಿ ಆಗಲೇ ಕೆಂಪು ಚಿಗುರು ಕಾಣುತ್ತದೆ. ಸದಾ ಹಸಿರಾಗಿರುವ ಮರವೂ ಎಲೆ ಉದುರಿಸುತ್ತದೆ, ಒಮ್ಮೆಗೇ ಎಲ್ಲವನ್ನೂ ಅಲ್ಲ, ಅಷ್ಟೆ.

ಎಲೆಯ ಸಾರಜನಕದ ದೊಡ್ಡ ಪಾಲು ಬಿಸಿಲಿನಿಂದ ಆಹಾರ ತಯಾರಿಸುವ ಪ್ರೋಟೀನುಗಳಲ್ಲಿ ಇರುತ್ತದೆ. ಎಲೆಗೆ ವಯಸ್ಸಾದಾಗ ಮರ ಆ ಪ್ರೋಟೀನುಗಳನ್ನು ಒಡೆದು, ಸಾರಜನಕ, ರಂಜಕ, ಪೊಟ್ಯಾಷಿಯಂಗಳನ್ನು ಆಹಾರನಾಳಗಳ ಮೂಲಕ ಕೊಂಬೆಗೆ ಎಳೆದುಕೊಳ್ಳುತ್ತದೆ. ಜಗತ್ತಿನ ಬೇರೆ ಬೇರೆ ಕಾಡುಗಳಲ್ಲಿ ಅಳೆದಾಗ, ಸರಾಸರಿ ಅರ್ಧದಷ್ಟು ಸಾರಜನಕ, ರಂಜಕ ಹೀಗೆ ಮರಳುತ್ತವೆಂದು ತಿಳಿದಿದೆ. ಕ್ಯಾಲ್ಸಿಯಂ ಮಾತ್ರ ಮರಳಿ ಹೋಗಲಾರದು. ಅದು ಎಲೆಯಲ್ಲೇ ಉಳಿದು ನೆಲ ಸೇರುತ್ತದೆ. ಮರಳಿದ ಸಾರ ಹೊಸ ಚಿಗುರಿಗೆ ಒದಗುತ್ತದೆ. ಮೆಡಿಟರೇನಿಯನ್ ತೀರದ ನಿತ್ಯಹಸಿರು ಓಕ್ ಮರಗಳೂ ವಸಂತದ ಚಿಗುರನ್ನು ಹಳೆಯ ಎಲೆಗಳ ಸಾರದ ನೆರವಿನಿಂದಲೇ ಬೆಳೆಸುತ್ತವೆ.

ಚಿಗುರಿನ ಕೆಂಪಿಗೆ ಆಂಥೋಸಯನಿನ್ ಕಾರಣ. ಇಂಥ ಅನೇಕ ಮರಗಳಲ್ಲಿ ಎಲೆ ಪೂರ್ತಿ ಅಗಲವಾಗಿ ಗಟ್ಟಿಯಾಗುವ ಹೊತ್ತಿಗಷ್ಟೇ ಪತ್ರಹರಿತ್ತು ತುಂಬಿಕೊಳ್ಳುತ್ತದೆ. ಹಾಗಾಗಿ ಎಳೆಯ ಎಲೆಯನ್ನು ಹುಳು ತಿಂದರೂ ಮರಕ್ಕಾಗುವ ನಷ್ಟ ಕಡಿಮೆ.

ನಮ್ಮ ಕರಾವಳಿಯಲ್ಲಿ ಹಳೆಯ ಎಲೆಯಿಂದ ಸಾರ ಹಿಂಪಡೆಯುವ ಈ ಉಳಿತಾಯಕ್ಕೆ ತೂಕ ಹೆಚ್ಚು. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಹಿಡಿಯುತ್ತವೆ. ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆ ನೈಟ್ರೇಟ್, ಪೊಟ್ಯಾಷಿಯಂಗಳನ್ನು ತೊಳೆದೊಯ್ಯುತ್ತದೆ. ಜೂನ್ ಮಳೆಗೆ ದರಕು ಕೊಳೆಯುವಾಗ ಹೊರಬರುವ ಸಾರವನ್ನು ಮೇಲ್ಮಣ್ಣಿನ ಸಣ್ಣ ಬೇರುಗಳೂ ಅವುಗಳ ಜೊತೆಗಿರುವ ಶಿಲೀಂಧ್ರಗಳೂ ಕೂಡಲೇ ಹಿಡಿದುಕೊಳ್ಳಬೇಕು.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು, ಅಂದರೆ ತೋಟದ ಗೊಬ್ಬರಕ್ಕೆ ಕಾಡಿನ ಸೊಪ್ಪು ಕಡಿಯುವ ಹಕ್ಕು, ಇದೆ. ಹಸಿಸೊಪ್ಪು ತೋಟಕ್ಕೆ ಒಳ್ಳೆಯ ಗೊಬ್ಬರ, ನಿಜ. ಮರ ಇನ್ನೂ ಹಿಂದಕ್ಕೆ ಪಡೆಯದ ಸಾರ ಅದರಲ್ಲಿ ಇರುವುದರಿಂದಲೇ ಅದು ಅಷ್ಟು ಒಳ್ಳೆಯದು. ಒಂದೇ ಮರವನ್ನು ವರ್ಷ ವರ್ಷವೂ ಬೋಳಿಸಿದರೆ ಮುಂದಿನ ಚಿಗುರಿನ ಬಂಡವಾಳವನ್ನೇ ಕಸಿದಂತೆ. ಆದ್ದರಿಂದ ಸೊಪ್ಪು ಕಡಿಯುವಾಗ ಮರದ ತುದಿ ಉಳಿಸಿ, ಸರದಿಯಂತೆ ಮರ ಬದಲಿಸಿ. ದರಕು ಗುಡಿಸುವಾಗ ಒಂದಿಷ್ಟನ್ನು ಬುಡದಲ್ಲೇ ಬಿಡಿ. ಅದಕ್ಕೆ ಬೆಂಕಿಯನ್ನಂತೂ ಹಾಕಲೇಬೇಡಿ: ಅದರಲ್ಲಿ ಉಳಿದ ಸಾರಜನಕದ ಹೆಚ್ಚಿನ ಪಾಲು ಹೊಗೆಯ ಜೊತೆ ಗಾಳಿಗೆ ಹೋಗುತ್ತದೆ.