ಇಷ್ಟು ಚಳಿ ಇದ್ರೂ ಭೂಮಿ ಬಿಸಿನಾ?

ಭೂಮಿ ಬಿಸಿ ಆಗ್ತಿದ್ರೆ ಇಷ್ಟೊಂದು ಹಿಮ ಯಾಕೆ ಬೀಳುತ್ತೆ?

2015ರ ಫೆಬ್ರವರಿ. ಅಮೆರಿಕದ ಸೆನೆಟ್.
ಜಿಮ್ ಇನ್‌ಹೋಫ್ ಅನ್ನೋ ಸೆನೆಟರ್
ಪ್ಲಾಸ್ಟಿಕ್ ಕವರ್‌ನಿಂದ ಹಿಮದ ಉಂಡೆ ತೆಗೆದ್ರು.
ಹೊರಗೆ ವಿಪರೀತ ಚಳಿ ಅಂದ್ರು.
ಉಂಡೆ ಎಸೆದೂ ಬಿಟ್ರು!

ಆ ವರ್ಷ ಏನಾಯ್ತು ಗೊತ್ತಾ?
ಅಲ್ಲಿವರೆಗಿನ ದಾಖಲೆಯಲ್ಲೇ
ಭೂಮಿಗೆ ಅತಿ ಬಿಸಿಯಾದ ವರ್ಷ ಅದು.
ಸೆನೆಟ್ ಇರೋ ವಾಷಿಂಗ್ಟನ್ ನಡುಗ್ತಿತ್ತು, ನಿಜ.
ಆದ್ರೆ ವಾಷಿಂಗ್ಟನ್ನೇ ಭೂಮಿ ಅಲ್ವಲ್ಲ!

ಸರಿ, ಈ ಚಳಿ ಬರೋದೆಲ್ಲಿಂದ?
ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ,
ತುಂಬಾ ಎತ್ತರದಲ್ಲಿ,
ಕೊರೆಯೋ ಗಾಳಿ ಬುಗುರಿ ಥರ ಸುತ್ತುತ್ತಿರುತ್ತೆ.
ಜೋರಾಗಿ ಸುತ್ತಿದ್ರೆ ನೆಟ್ಟಗಿರುತ್ತೆ.
ವೇಗ ತಗ್ಗಿತೋ, ಓಲಾಡುತ್ತೆ.
ಆಗ ಧ್ರುವದ ಚಳಿ ದಕ್ಷಿಣಕ್ಕೆ ಜಾರುತ್ತೆ.

2021ರ ಫೆಬ್ರವರಿಯಲ್ಲಿ ಟೆಕ್ಸಸ್‌ವರೆಗೂ ಜಾರಿತು.
ನೀರು ಹೆಪ್ಪುಗಟ್ಟಿ ಪೈಪ್ ಒಡೆದ್ವು.
ಲಕ್ಷಾಂತರ ಮನೆಗೆ ಕರೆಂಟಿಲ್ಲ.
ಅಲ್ಲಿನ ಡಲ್ಲಾಸ್‌ನಲ್ಲಿ ನೆಂಟರಿದ್ರೆ ಕೇಳಿ ನೋಡಿ!

ಧ್ರುವ ಬಿಸಿಯಾಗ್ತಿರೋದ್ರಿಂದಲೇ
ಬುಗುರಿ ಹೀಗೆ ಓಲಾಡ್ತಿದೆಯಾ?
ಇದರಲ್ಲಿ ವಿಜ್ಞಾನಿಗಳಿಗೇ ಒಮ್ಮತ ಇಲ್ಲ.
ಹೌದು ಅನ್ನೋರೂ ಇದ್ದಾರೆ, ಇಲ್ಲ ಅನ್ನೋರೂ ಇದ್ದಾರೆ.

ಆದ್ರೆ ಅಮೆರಿಕದ ಲೆಕ್ಕದ ಪುಸ್ತಕ ತೆಗೆದು ನೋಡಿ.
ಈ ಶತಮಾನದಲ್ಲಿ ಅಲ್ಲಿ ಚಳಿಯ ದಾಖಲೆಗಳಿಗಿಂತ
ಸೆಕೆಯ ದಾಖಲೆಗಳೇ ಜಾಸ್ತಿ ಮುರಿದಿವೆ.