ಯಂತ್ರಮಾನವ ವಿದ್ಯೆಗೆ ಗುರುವೆಲ್ಲಿ?

‘ರೋಬೋಟ್’ ಎಂಬ ಪದವನ್ನು ಲೋಕಕ್ಕೆ ಪರಿಚಯಿಸಿದುದು ಚೆಕ್ ಲೇಖಕ ಕಾರೆಲ್ ಚಾಪೆಕನ 1920ರ ನಾಟಕ. ಅರಿಯುವುದು, ನಿರ್ಧರಿಸುವುದು, ದುಡಿಯುವುದು ಇವೇ ಯಂತ್ರಮಾನವನ ಮೂರು ಲಕ್ಷಣಗಳು. ಕಡೂರು, ತರೀಕೆರೆ, ಅಜ್ಜಂಪುರಗಳ ತೋಟಗಳಲ್ಲಿ ಕರೆಂಟು ಬಂದೊಡನೆ ತಾನಾಗಿ ಪಂಪನ್ನು ಚಾಲೂ ಮಾಡುವ ಆಟೋ ಸ್ಟಾರ್ಟರಿನಲ್ಲಿ ಇವುಗಳ ಮೊಳಕೆಯನ್ನು ಕಾಣಬಹುದು. ಆದುದರಿಂದ ಮೋಟಾರು ರಿಪೇರಿಯ ಅಂಗಡಿಯೇ ಮೊದಲ ಪಾಠಶಾಲೆ.

ನಿರ್ಧರಿಸುವ ಭಾಗವಾದ ಪ್ರೋಗ್ರಾಮನ್ನು ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ನ ಆರ್ಡುಯಿನೋ ಪಾಠಗಳಿಂದ ಕಲಿಯಬಹುದು, ಚಲನೆಯ ಗಣಿತಕ್ಕೆ ಎನ್‌ಪಿಟಿಇಎಲ್ ಉಪನ್ಯಾಸಗಳಿವೆ. ಇವೆಲ್ಲ ಉಚಿತವಾಗಿ ದೊರೆಯುತ್ತವೆ. ಆರಿಸುವುದು ಹೇಗೆ? ಕೈಗೆ ಕೆಲಸ ಕೊಟ್ಟು, ಯಂತ್ರ ನಿಂತಾಗ ಕಾರಣವನ್ನು ಹುಡುಕಿಸುವ ಪಾಠವೇ ಉತ್ತಮ.

ಆದರೆ ಆ ಉಪನ್ಯಾಸಗಳ ಮೂಲಭಾಷೆ ಇಂಗ್ಲಿಷು. ಕಲಿತವರು ಕನ್ನಡದಲ್ಲಿ ಬರೆದಿಡದಿದ್ದರೆ, ಪಂಪಿನ ಮರ್ಮ ಬಲ್ಲ ನಮ್ಮ ಹುಡುಗರೇ ಈ ವಿದ್ಯೆಯಿಂದ ಹೊರಗುಳಿಯುವರು.